ನೆರಳಿಗೂ ಹಕ್ಕುಪತ್ರ ಬೇಕೇ?

ಚಾಮರಾಜನಗರ ಜಿಲ್ಲೆಯ ಹೆಚ್ಚುಕಡಿಮೆ ಅರ್ಧ ಭಾಗ ಕಾಡು. ಕೊಳ್ಳೇಗಾಲದ ಒಂದು ಕಡೆ ಬಿಳಿಗಿರಿರಂಗನ ಬೆಟ್ಟ, ಇನ್ನೊಂದು ಕಡೆ ಮಲೆ ಮಹದೇಶ್ವರ ಬೆಟ್ಟ. ಹೀಗಿರುವಾಗ ಪೇಟೆಯ ಬೀದಿಮರದ ಮಾತೇಕೆ ಎಂದು ಕೇಳುವವರಿದ್ದಾರೆ. ಆದರೆ ಜಿಲ್ಲೆಯ ಕಾಡು ಬೀದಿಯ ಬಿಸಿಲನ್ನು ತಡೆಯುವುದಿಲ್ಲ. ಕೊಳ್ಳೇಗಾಲದ ದೇವಾಂಗಪೇಟೆಯಲ್ಲಿ ಮಗ್ಗದ ಮುಂದೆ ದಿನವಿಡೀ ಕೂತು ರೇಷ್ಮೆ ನೇಯುವವರಿಗೆ, ಭೀಮನಗರದಿಂದ ಕೂಲಿಗೆ ಹೊರಡುವವರಿಗೆ ಏಪ್ರಿಲ್ ತಿಂಗಳಲ್ಲಿ ಬೇಕಾದದ್ದು ಮನೆಯ ಮಗ್ಗುಲಲ್ಲೇ ಒಂದು ಮರ. ಪರಿಸರ ವಿಜ್ಞಾನಿ ಹರಿಣಿ ನಾಗೇಂದ್ರ ಮತ್ತು ಸಂಗಡಿಗರು ಬೆಂಗಳೂರಿನ ರಸ್ತೆಗಳಲ್ಲಿ ಅಳೆದು ನೋಡಿದಾಗ, ಮರವಿದ್ದ ಕಡೆ ಗಾಳಿಯ ಉಷ್ಣಾಂಶ 5.6 ಡಿಗ್ರಿವರೆಗೆ, ಡಾಂಬರಿನ ಮೈಬಿಸಿ 27 ಡಿಗ್ರಿಗೂ ಮೀರಿ ತಗ್ಗಿತ್ತು. ಮೈಮುರಿದು ದುಡಿಯುವವರ ಮಟ್ಟಿಗೆ ಇದು ಆರೋಗ್ಯದ ಪ್ರಶ್ನೆ, ಕೂಲಿಯ ಪ್ರಶ್ನೆ.

ಈ ನೆರಳು ಯಾರ ಪಾಲಿಗೆ ಹೋಗಬೇಕೆಂಬುದನ್ನು ಗಿಡ ನೆಡುವ ಮೊದಲೇ ನಿವೇಶನದ ನಕ್ಷೆ ತೀರ್ಮಾನಿಸಿರುತ್ತದೆ. 1898ರ ಪ್ಲೇಗಿನ ನಂತರ ಬೆಂಗಳೂರಿನಲ್ಲಿ ಬಸವನಗುಡಿ, ಮಲ್ಲೇಶ್ವರಗಳು ಅಗಲ ರಸ್ತೆಗಳೊಡನೆ ಬೆಳೆದವು. 1908ರಲ್ಲಿ ಮೈಸೂರು ಸಂಸ್ಥಾನಕ್ಕೆ ಬಂದ ಉದ್ಯಾನತಜ್ಞ ಕ್ರುಂಬಿಗಲ್, ಋತುವಿಗೊಂದರಂತೆ ಹೂಬಿಡುವ ಸಾಲುಮರಗಳ ಕಲ್ಪನೆ ಕೊಟ್ಟರು. 1980ರ ದಶಕದಲ್ಲಿ ಅರಣ್ಯಾಧಿಕಾರಿ ಎಸ್.ಜಿ. ನೇಗಿನಹಾಳ್ ಬೆಂಗಳೂರಿನಲ್ಲಿ ಸುಮಾರು 15 ಲಕ್ಷ ಸಸಿ ನೆಡಿಸಿದ್ದು ನಿಜಕ್ಕೂ ದೊಡ್ಡ ಕೆಲಸ. ಕೊಳ್ಳೇಗಾಲವಾದರೋ 1956ರವರೆಗೆ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿದ್ದ ಊರು. ಸಂಸ್ಥಾನದ ಉದ್ಯಾನ ಪರಂಪರೆಯ ಹೊರಗೇ ಉಳಿಯಿತು. ಮುಂದೆ ಬಂದ ನಿಯಮಗಳೂ ಅಂತರವನ್ನು ಅಳಿಸಲಿಲ್ಲ. ಉದ್ಯಾನಕ್ಕೆ ಜಾಗ ಬಿಡಬೇಕೆಂಬ ಷರತ್ತು ಮಂಜೂರಾದ ಬಡಾವಣೆಗೆ ಮಾತ್ರ. ಹಳೆಯ ಕೇರಿಗೆ ಅಂಥ ನಕ್ಷೆಯೇ ಇರುವುದಿಲ್ಲ. 1976ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯ್ದೆ ನಿಂತ ಮರವನ್ನು ಕಾಯುತ್ತದೆ, ಮರವೇ ಇಲ್ಲದ ಬೀದಿಗೆ ಅದರಿಂದ ಸಿಗುವುದು ಅಲ್ಪ. ಅಮೆರಿಕದಲ್ಲೂ ಹೀಗೇ ಆಯಿತು. 1930ರ ದಶಕದಲ್ಲಿ ಸಾಲಕ್ಕೆ ಯೋಗ್ಯವಲ್ಲವೆಂದು ನಕ್ಷೆಯಲ್ಲಿ ಕೆಂಪು ಬಳಿಸಿಕೊಂಡ ಪ್ರದೇಶಗಳಲ್ಲಿ ಮರಗಳ ಹೊದಿಕೆ ಈಗಲೂ ಸುಮಾರು ಶೇ 23, ಅತ್ಯುತ್ತಮ ದರ್ಜೆ ಪಡೆದ ಕಡೆ ಶೇ 43 ಎಂದು 37 ನಗರಗಳನ್ನು ಪರಿಶೀಲಿಸಿ 2021ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು.

ಕೇರಿಯ ಓಣಿಯಲ್ಲಿ ಜಾಗವೆಲ್ಲಿದೆ, ಕೊಂಬೆ ಮುರಿದು ಶೀಟಿನ ಮೇಲೆ ಬಿದ್ದರೆ ಯಾರು ಹೊಣೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. ಆದರೂ ಬೆಂಗಳೂರಿನ ಕೊಳೆಗೇರಿಗಳಲ್ಲಿ ನಡೆದ ಸಮೀಕ್ಷೆ, ಅಷ್ಟು ಇಕ್ಕಟ್ಟಿನಲ್ಲೂ ಜನ ನುಗ್ಗೆ, ತೆಂಗು ಬೆಳೆಸಿಕೊಂಡದ್ದನ್ನು, ಮರದಡಿಯಲ್ಲಿ ಅಡುಗೆ, ಹರಟೆ, ಮಕ್ಕಳ ಆಟ ಎಲ್ಲ ನಡೆಯುವುದನ್ನು ದಾಖಲಿಸಿದೆ. ಮನಸ್ಸಿಲ್ಲದ್ದು ಕೇರಿಯವರಿಗಲ್ಲ. ಮಳೆಮರಕ್ಕೆ ಜಾಗವಿಲ್ಲದ ಓಣಿಗೆ ನುಗ್ಗೆ ಸಾಕು. ಅಂಗನವಾಡಿ, ಶಾಲೆ, ನೀರಿನ ಟ್ಯಾಂಕಿನ ಅಂಗಳಗಳಿಗೆ ಹೊಂಗೆ, ಬೇವು ಬರಲಿ. ಮರಗಣತಿಯ ಹೊಣೆಯನ್ನು 1976ರ ಕಾಯ್ದೆಯೇ ವೃಕ್ಷ ಪ್ರಾಧಿಕಾರಕ್ಕೆ ಹೊರಿಸಿದೆ. ಗಣತಿಯನ್ನು ಊರಿಗೊಂದೇ ಮೊತ್ತವಾಗಿ ಬರೆಯದೆ ಬೀದಿ ಬೀದಿಗೂ ಎಣಿಸಿ, ಕಡಿಮೆ ಮರವಿರುವ ಬೀದಿಗೆ ಮೊದಲ ಸಸಿ, ಮೊದಲ ಟ್ಯಾಂಕರ್ ನೀರು ಸಿಗುವಂತೆ ನಗರಸಭೆಗಳು ಬಜೆಟ್ಟಿನಲ್ಲೇ ಬರೆದಿಡಬೇಕು.