ರಕ್ತ ಹೇಳದ್ದನ್ನು ಮಲ ಹೇಳುತ್ತೆ

ಅಲ್ಸರೇಟಿವ್ ಕೊಲೈಟಿಸ್ ಇದೆ, ರಕ್ತಪರೀಕ್ಷೆಯಲ್ಲಿ ಉರಿಯೂತದ ಸೂಚಕವಾದ ಸಿಆರ್‌ಪಿ ನಾರ್ಮಲ್ ಬಂತು. ಹಾಗಾದರೆ ಉರಿಯೂತ ಇಳಿದಿದೆಯಾ? ಹೇಳೋಕಾಗಲ್ಲ. ಈ ಕಾಯಿಲೆ ಹೆಚ್ಚಾಗಿ ದೊಡ್ಡ ಕರುಳಿನ ಒಳಪದರಕ್ಕಷ್ಟೇ ಅಂಟಿಕೊಂಡಿರುತ್ತೆ. ಅದರ ಸುದ್ದಿ ಎಷ್ಟೋ ಸಲ ರಕ್ತಕ್ಕೆ ತಲುಪೋದೇ ಇಲ್ಲ.

ಸುಳಿವು ಸಿಗೋದು ಮಲದಲ್ಲಿ. ಮುಖ ಸಿಂಡರಿಸಬೇಡಿ, ಕೊಲೊನೋಸ್ಕೋಪಿಗಿಂತ ಇದು ಎಷ್ಟೋ ವಾಸಿ!

ಉರಿಯೂತ ಎದ್ದ ಜಾಗಕ್ಕೆ ನ್ಯೂಟ್ರೋಫಿಲ್ ಅನ್ನೋ ಬಿಳಿ ರಕ್ತಕಣಗಳು ನುಗ್ಗುತ್ತವೆ. ಅವುಗಳೊಳಗೆ ತುಂಬಿಕೊಂಡಿರೋ ಪ್ರೋಟೀನೇ ಕ್ಯಾಲ್‌ಪ್ರೊಟೆಕ್ಟಿನ್. ಸತುವನ್ನು ಹಿಡಿದಿಟ್ಟುಕೊಂಡು ಬ್ಯಾಕ್ಟೀರಿಯಾಗಳಿಗೆ ಸಿಗದ ಹಾಗೆ ಮಾಡೋದು ಇದರ ಒಂದು ಕೆಲಸ. ಕಣಗಳು ಒಡೆದಾಗ ಇದು ಕರುಳಿಗೆ ಸೋರುತ್ತೆ, ಬೇಗ ಕೆಡದೆ ಮಲದ ಜೊತೆ ಹೊರಬರುತ್ತೆ. ಲ್ಯಾಬ್‌ನವರು ಅಳೆಯೋದು ಅದನ್ನೇ.

ಒಂದು ಗ್ರಾಂ ಮಲದಲ್ಲಿ 50 ಮೈಕ್ರೋಗ್ರಾಂಗಿಂತ ಕಡಿಮೆ ಇದ್ದರೆ ಸಾಮಾನ್ಯವಾಗಿ ನಿರಾಳ. 250 ದಾಟಿದರೆ ಉರಿಯೂತ ಇರೋ ಸಂಭವ ಹೆಚ್ಚು. ನಡುವೆ ಬಂದರೆ? ಕೆಲವು ವಾರ ಬಿಟ್ಟು ಮತ್ತೆ ಪರೀಕ್ಷೆ ಮಾಡಿಸೋದು ವಾಡಿಕೆ.

ಆದರೆ ಈ ಸಂಖ್ಯೆ ಕಾರಣ ಹೇಳಲ್ಲ. ಭೇದಿ ತರೋ ಸೋಂಕು, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆ ಕೂಡ ಅದನ್ನು ಏರಿಸಬಹುದು. ಸ್ಯಾಂಪಲ್ ಕೊಡೋ ಮುಂಚೆ ಯಾವ ಮಾತ್ರೆ ತಗೊಂಡಿದ್ದೀರಿ ಅಂತ ಡಾಕ್ಟರಿಗೆ ಹೇಳಿ. ರಿಪೋರ್ಟ್ ಚೆನ್ನಾಗಿದೆ ಅಂತ ನೀವೇ ಔಷಧಿ ನಿಲ್ಲಿಸಬೇಡಿ.