ಕೊಡಗು: ಒಂದು ಬೆಟ್ಟದ ನಾಡಿನ ಆಡಳಿತದ ಕಥೆ

(ವಿಂಡಮ್ ವೇಲ್‌ನಲ್ಲಿ ಕನ್ನಡ ಕುಟುಂಬಗಳ ಮುಂದೆ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ಕೊಡಗು ಎಂದೊಡನೆ ನಮ್ಮ ನೆನಪಿಗೆ ಬರುವುದು ಕಾವೇರಿಯ ಉಗಮ, ಕಾಫಿಯ ತೋಟ, ಕಾರ್ಯಪ್ಪ ಮತ್ತು ತಿಮ್ಮಯ್ಯನವರಂಥ ಸೇನಾನಿಗಳು. ನಮ್ಮಲ್ಲಿ ಅನೇಕರ ತಿಳಿವಳಿಕೆ ಅಲ್ಲಿಗೇ ಮುಗಿಯುತ್ತದೆ. ಇಂದು ಕರ್ನಾಟಕದ ಒಂದು ಪುಟ್ಟ ಜಿಲ್ಲೆಯಾಗಿರುವ ಈ ನಾಡು ಹಿಂದೆ ಸ್ವತಂತ್ರ ರಾಜ್ಯವಾಗಿತ್ತು, ಅನಂತರ ಬ್ರಿಟಿಷರ ಪ್ರತ್ಯೇಕ ಪ್ರಾಂತವಾಗಿತ್ತು, ಭಾರತ ಗಣರಾಜ್ಯದಲ್ಲಿಯೂ ಆರು ವರ್ಷಗಳ ಕಾಲ ತನ್ನದೇ ಆದ ರಾಜ್ಯವಾಗಿತ್ತು ಎಂಬ ಸಂಗತಿಯನ್ನು ನಮ್ಮ ಮಕ್ಕಳಿಗೆ ಹೇಳಿದವರು ಕಡಿಮೆ. ಒಂದು ಬೆಟ್ಟದ ನಾಡನ್ನು ಯಾರು, ಎಲ್ಲಿಂದ, ಹೇಗೆ ಆಳಬೇಕು ಎಂಬ ಪ್ರಶ್ನೆ ಈ ಇತಿಹಾಸದ ಉದ್ದಕ್ಕೂ ಹರಿದು ಬಂದಿದೆ. ಈ ಸಂಜೆ ಆ ಪ್ರಶ್ನೆಯನ್ನೇ ನಿಮ್ಮ ಮುಂದಿಡಲು ಬಯಸುತ್ತೇನೆ.

ಮೊದಲು ನೆಲದ ವಿಚಾರ. ಕೊಡಗಿನ ವಿಸ್ತೀರ್ಣ ಸುಮಾರು 4,100 ಚದರ ಕಿಲೋಮೀಟರ್. ಬಯಲುಸೀಮೆಯಲ್ಲಿರುವಂತೆ ಮನೆಗೆ ಮನೆ ಅಂಟಿಕೊಂಡ ಊರುಗಳು ಅಲ್ಲಿ ವಿರಳ. ಗದ್ದೆಯ ಬದಿಯಲ್ಲಿ ಒಂದು ಐನ್‌ಮನೆ, ಅದರ ಸುತ್ತ ಒಂದು ಒಕ್ಕದ ಜಮೀನು, ಮೇಲೆ ಕಾಡು. ಮುಂದಿನ ಮನೆ ಮತ್ತೊಂದು ಗುಡ್ಡದ ಆಚೆ. ಹೀಗೆ ಚದುರಿದ ಜನರನ್ನು ಒಂದುಗೂಡಿಸಿದ್ದು ‘ನಾಡು’ ಎಂಬ ವ್ಯವಸ್ಥೆ. ಸಂಪ್ರದಾಯದ ಪ್ರಕಾರ ಕೊಡಗಿನಲ್ಲಿ 12 ಕೊಂಬುಗಳೂ 35 ನಾಡುಗಳೂ ಇದ್ದವು. ಊರಿಗೂ ನಾಡಿಗೂ ‘ತಕ್ಕ’ರೆಂಬ ಹಿರಿಯರಿದ್ದರು. ಜಗಳ, ಹಬ್ಬ, ಕಟ್ಟುಪಾಡುಗಳೆಲ್ಲ ಅವರ ಸಮ್ಮುಖದಲ್ಲಿ ತೀರ್ಮಾನವಾಗುತ್ತಿದ್ದವು.

ಹದಿನೇಳನೆಯ ಶತಮಾನದ ಹೊತ್ತಿಗೆ ಹಾಲೇರಿಯ ಲಿಂಗಾಯತ ಅರಸರು ಈ ನಾಡುಗಳ ಮೇಲೆ ತಮ್ಮ ಆಳ್ವಿಕೆಯನ್ನು ಸ್ಥಾಪಿಸಿದರು. 1681ರಲ್ಲಿ ಮುದ್ದುರಾಜನು ರಾಜಧಾನಿಯನ್ನು ಮಡಿಕೇರಿಗೆ ತಂದನು. ಅರಸರು ಹಳೆಯ ನಾಡುಗಳನ್ನು ಅಳಿಸದೆ, ಅವುಗಳ ಮೇಲೆ ಪಾರುಪತ್ಯಗಾರರನ್ನೂ ಸುಬೇದಾರರನ್ನೂ ನೇಮಿಸಿದರು ಎಂಬುದು ಗಮನಾರ್ಹ. ‘ಜಮ್ಮ’ ಎಂಬ ವಂಶಪಾರಂಪರ್ಯ ಹಿಡುವಳಿಗೆ ಕಂದಾಯ ಕಡಿಮೆ. ಅದಕ್ಕೆ ಪ್ರತಿಯಾಗಿ ಹಿಡುವಳಿದಾರನು ಅರಸನ ಕರೆ ಬಂದಾಗ ಆಯುಧ ಹಿಡಿದು ಹೊರಡಬೇಕಾಗಿತ್ತು. ಟಿಪ್ಪು ಸುಲ್ತಾನನ ಕಾಲದಲ್ಲಿ ಪಿರಿಯಾಪಟ್ಟಣದಲ್ಲಿ ಸೆರೆಯಲ್ಲಿದ್ದ ದೊಡ್ಡವೀರರಾಜೇಂದ್ರನು 1788ರಲ್ಲಿ ತಪ್ಪಿಸಿಕೊಂಡು ಬಂದು ನಾಡನ್ನು ಮರಳಿ ಗಳಿಸಲು ಸಾಧ್ಯವಾದದ್ದು ಇಂಥ ಜನಬಲದಿಂದಲೇ. ಅರಮನೆಯ ವ್ಯವಹಾರದ ಭಾಷೆ ಕನ್ನಡ. ಆತನು ತನ್ನ ವಂಶದ ಚರಿತ್ರೆಯಾದ ‘ರಾಜೇಂದ್ರನಾಮೆ’ಯನ್ನು ಬರೆಯಿಸಿದ್ದೂ ಕನ್ನಡದಲ್ಲಿಯೇ.

1790ರಲ್ಲಿ ಈಸ್ಟ್ ಇಂಡಿಯಾ ಕಂಪನಿಯೊಡನೆ ಮಾಡಿಕೊಂಡ ಸ್ನೇಹದ ಒಪ್ಪಂದ ನಾಲ್ಕೂವರೆ ದಶಕಗಳೂ ಬಾಳಲಿಲ್ಲ. 1834ರ ಏಪ್ರಿಲ್‌ನಲ್ಲಿ ಕಂಪನಿಯು ಚಿಕ್ಕವೀರರಾಜೇಂದ್ರನನ್ನು ಪದಚ್ಯುತಗೊಳಿಸಿ ಕಾಶಿಗೆ ಕಳುಹಿಸಿತು. ನಾಡಿನ ಜನರೆಲ್ಲರ ಇಚ್ಛೆಯ ಮೇರೆಗೇ ಈ ಬದಲಾವಣೆ ಎಂದು ಕಂಪನಿ ಸಾರಿತು. ಜನರ ಆಚಾರ, ಧರ್ಮಗಳಿಗೆ ಚ್ಯುತಿ ಬಾರದೆಂದೂ ಮಾತು ಕೊಟ್ಟಿತು. ಅರಸನ ಆಳ್ವಿಕೆಯ ಕ್ರೌರ್ಯದಿಂದ ಬೇಸತ್ತವರು ಅನೇಕರಿದ್ದರೆಂಬುದು ನಿಜ. ಆದರೆ ಹಾಗೆ ಸಾರುವ ಮುನ್ನ ಕೇಳಿದ್ದು ಕೆಲವು ದಿವಾನರನ್ನೂ ಮುಖಂಡರನ್ನೂ ಮಾತ್ರ, ಜನರೆಲ್ಲರನ್ನಲ್ಲ.

ಇದರ ಪರಿಣಾಮ ಬೇಗನೆ ಕಂಡಿತು. ಕೊಡಗಿನ ಅರಸರ ಅಧೀನದಲ್ಲಿದ್ದ ಅಮರ ಸುಳ್ಯ, ಪುತ್ತೂರು ಸೀಮೆಗಳನ್ನು ಕಂಪನಿಯು ಬೇರ್ಪಡಿಸಿ ಕೆನರಾ ಜಿಲ್ಲೆಗೆ ಸೇರಿಸಿತು. ಅಲ್ಲಿಯ ರೈತರು ಅಲ್ಲಿಯವರೆಗೆ ಕಂದಾಯವನ್ನು ಬೆಳೆಯ ರೂಪದಲ್ಲಿ ಕೊಡುತ್ತಿದ್ದರು. ಇನ್ನು ಮುಂದೆ ನಗದಾಗಿಯೇ ಕೊಡಬೇಕೆಂದು ಆಜ್ಞೆಯಾಯಿತು. ಸಂತೆಯೇ ದೂರವಿರುವ ಗುಡ್ಡಗಾಡಿನಲ್ಲಿ ಭತ್ತವನ್ನು ಹಣವನ್ನಾಗಿಸುವುದು ಸಾಹುಕಾರನ ಕೈಗೆ ಸಿಕ್ಕಿಬೀಳುವುದೇ ಸರಿ. 1837ರಲ್ಲಿ ದಂಗೆ ಎದ್ದಿತು. ದಂಗೆಕೋರರು ಮಂಗಳೂರನ್ನು ಕೆಲವು ದಿನ ತಮ್ಮ ವಶದಲ್ಲಿಟ್ಟುಕೊಂಡರು. ಅದೇ ವರ್ಷ ಗುಡ್ಡೆಮನೆ ಅಪ್ಪಯ್ಯಗೌಡರನ್ನು ಮಡಿಕೇರಿಯ ಕೋಟೆಯ ಬಳಿ ಗಲ್ಲಿಗೇರಿಸಲಾಯಿತು. ದಂಗೆಯನ್ನು ಅಡಗಿಸಲು ಕಂಪನಿಗೆ ನೆರವಾಗಿ ಪದಕ ಪಡೆದವರೂ ಕೊಡಗಿನಲ್ಲಿದ್ದರು ಎಂಬುದನ್ನು ಮುಚ್ಚಿಡಬೇಕಾಗಿಲ್ಲ. ಇತಿಹಾಸವು ಒಂದೇ ಬಣ್ಣದ್ದಲ್ಲ.

ಇಲ್ಲಿ ಒಂದು ಹೋಲಿಕೆ. ಕೊಡಗು ಕಂಪನಿಯ ಕೈಸೇರಿದ ಮರುವರ್ಷವೇ, ಅಂದರೆ 1835ರಲ್ಲಿ, ಹಿಮಾಲಯದ ಡಾರ್ಜಿಲಿಂಗ್ ಬೆಟ್ಟವನ್ನು ಸಿಕ್ಕಿಮ್‌ನ ಅರಸನಿಂದ ಕಂಪನಿಯು ಪಡೆಯಿತು. ಅಲ್ಲಿ ಚಹಾ ತೋಟಗಳು ಬೆಳೆದವು. ಕೊಡಗಿನಲ್ಲಿ 1854ರಲ್ಲಿ ಫೌಲರ್ ಎಂಬಾತನು ಮಡಿಕೇರಿಯ ಬಳಿ ಐರೋಪ್ಯರ ಮೊದಲ ಕಾಫಿ ತೋಟವನ್ನು ಆರಂಭಿಸಿದನು. ಎರಡು ಬೆಟ್ಟಗಳಲ್ಲಿಯೂ ಆಡಳಿತದ ಪ್ರಶ್ನೆ ಇಂದಿಗೂ ಜೀವಂತವಾಗಿದೆ. ಡಾರ್ಜಿಲಿಂಗ್‌ನಲ್ಲಿ ದೀರ್ಘ ಚಳವಳಿಯ ಫಲವಾಗಿ 1988ರಲ್ಲಿ ಗಿರಿ ಪರಿಷತ್ತು ಬಂದಿತು. 2012ರಲ್ಲಿ ಅದರ ಸ್ಥಾನವನ್ನು ಮತ್ತೊಂದು ಸ್ವಾಯತ್ತ ಸಂಸ್ಥೆ ಪಡೆಯಿತು. ಕೊಡಗಿನಲ್ಲಿಯೂ 1990ರ ದಶಕದಿಂದ ಸ್ವಾಯತ್ತತೆಯ ಬೇಡಿಕೆ ಕೇಳಿಬರುತ್ತಿದೆ.

ಬ್ರಿಟಿಷರ ಕಾಲದಲ್ಲಿ ಕೊಡಗು ಮೈಸೂರಿಗೂ ಮದರಾಸಿಗೂ ಸೇರದ ಪುಟ್ಟ ಪ್ರಾಂತವಾಗಿ ಉಳಿಯಿತು. 1881ರಲ್ಲಿ ಮೈಸೂರು ಒಡೆಯರಿಗೆ ಮರಳಿದ ಮೇಲೆ, ಬೆಂಗಳೂರಿನಲ್ಲಿದ್ದ ಮೈಸೂರಿನ ರೆಸಿಡೆಂಟರೇ ಕೊಡಗಿನ ಚೀಫ್ ಕಮಿಷನರರಾದರು. ಬೆಟ್ಟದ ಮೇಲಿನ ಜನರ ಮೇಲಧಿಕಾರಿ ವಾಸವಾಗಿದ್ದುದು ಬಯಲಿನಲ್ಲಿ! 1924ರಲ್ಲಿ ಶಾಸನ ಸಭೆ ರಚನೆಯಾಯಿತು. ಅದರ 20 ಸದಸ್ಯರಲ್ಲಿ 15 ಮಂದಿ ಚುನಾಯಿತರು.

1950ರ ಜನವರಿ 26ರಂದು ಕೊಡಗು ‘ಸಿ’ ವರ್ಗದ ರಾಜ್ಯವಾಯಿತು. 1951ರಲ್ಲಿ ಅಲ್ಲಿಯ ಜನಸಂಖ್ಯೆ ಸುಮಾರು ಎರಡೂಕಾಲು ಲಕ್ಷ. 1952ರ ಚುನಾವಣೆಯ ಮುಖ್ಯ ವಿಷಯವೇ ಮೈಸೂರಿನೊಡನೆ ವಿಲೀನ. 24 ಸ್ಥಾನಗಳ ವಿಧಾನಸಭೆಯಲ್ಲಿ ಕಾಂಗ್ರೆಸ್ಸಿಗೆ 15 ದೊರೆತವು. ವಿಲೀನವನ್ನು ವಿರೋಧಿಸಿ, ತಕ್ಕಡಿಯ ಗುರುತಿನಲ್ಲಿ ನಿಂತ ಪಂದ್ಯಂಡ ಬೆಳ್ಯಪ್ಪನವರ ಬಣಕ್ಕೆ 9. ಗಾಂಧೀವಾದಿ ಬೆಳ್ಯಪ್ಪನವರನ್ನು ಜನರು ‘ಕೊಡಗಿನ ಗಾಂಧಿ’ ಎಂದು ಗೌರವಿಸುತ್ತಿದ್ದರು. ಸಿ.ಎಂ. ಪೂಣಚ್ಚನವರು ಮುಖ್ಯಮಂತ್ರಿಗಳಾದರು, ಅವರನ್ನೂ ಸೇರಿಸಿ ಮಂತ್ರಿಗಳು ಇಬ್ಬರೇ. ರಾಜ್ಯ ಪುನರ್ವಿಂಗಡಣಾ ಆಯೋಗವು ಇಂಥ ಸಣ್ಣ ರಾಜ್ಯಗಳು ಸ್ವಂತ ಬಲದ ಮೇಲೆ ನಿಲ್ಲಲಾರವೆಂದು ಅಭಿಪ್ರಾಯಪಟ್ಟಿತು. 1956ರ ನವೆಂಬರ್ 1ರಂದು ಕೊಡಗು ವಿಶಾಲ ಮೈಸೂರಿನ ಒಂದು ಜಿಲ್ಲೆಯಾಯಿತು.

ಆ ದಿನವನ್ನು ನಾವು ಪ್ರತಿವರ್ಷ ರಾಜ್ಯೋತ್ಸವವೆಂದು ಸಂಭ್ರಮದಿಂದ ಆಚರಿಸುತ್ತೇವೆ, ಆಚರಿಸಲೂ ಬೇಕು. ಹರಿದು ಹಂಚಿಹೋಗಿದ್ದ ಕನ್ನಡಿಗರು ಒಂದಾದ ದಿನ ಅದು. ದೊಡ್ಡ ರಾಜ್ಯದ ವಿದ್ಯೆ, ವೈದ್ಯ, ಉದ್ಯೋಗಗಳ ಬಾಗಿಲು ಕೊಡಗಿಗೂ ತೆರೆಯಿತು. ಆದರೆ ಅದೇ ದಿನ ಒಂದು ನಾಡು ತನ್ನ ವಿಧಾನಸಭೆಯನ್ನು ಕಳೆದುಕೊಂಡಿತೆಂಬುದನ್ನೂ ನೆನೆಯುವುದು ಸೌಜನ್ಯ. ಅಂದು 24 ಶಾಸಕರಿದ್ದ ನಾಡಿಗೆ 2008ರ ಕ್ಷೇತ್ರ ಪುನರ್ವಿಂಗಡಣೆಯ ನಂತರ ಉಳಿದದ್ದು ಎರಡೇ ಸ್ಥಾನ: ಮಡಿಕೇರಿ ಮತ್ತು ವಿರಾಜಪೇಟೆ. ಪೂಣಚ್ಚನವರು 1967ರಿಂದ 1969ರವರೆಗೆ ಭಾರತದ ರೈಲ್ವೆ ಮಂತ್ರಿಗಳಾಗಿದ್ದರು. ಅವರ ತವರು ಜಿಲ್ಲೆಗೆ ಇಂದಿಗೂ ರೈಲು ಬಂದಿಲ್ಲ. ಕಾಡು ಉಳಿಯಲೆಂದು ರೈಲು ಬೇಡವೆನ್ನುವವರೂ ಅಲ್ಲಿದ್ದಾರೆ. ಬೇಕೋ ಬೇಡವೋ ಎಂಬ ಮಾತನ್ನು ಅಲ್ಲಿಯವರನ್ನು ಕೇಳಿಯೇ ನಿರ್ಧರಿಸಬೇಕಷ್ಟೆ.

ಕೇಳದಿದ್ದರೆ ಏನಾದೀತು? 2018ರ ಆಗಸ್ಟ್‌ನಲ್ಲಿ ಮಡಿಕೇರಿ, ಸೋಮವಾರಪೇಟೆ ತಾಲ್ಲೂಕುಗಳ ಗುಡ್ಡಗಳು ಕುಸಿದು ಜೀವಹಾನಿಯಾಯಿತು, ಮನೆ ತೋಟಗಳು ಕೊಚ್ಚಿಹೋದವು. ಅಸಾಧಾರಣ ಮಳೆಯೊಡನೆ, ರಸ್ತೆಗೂ ಕಟ್ಟಡಕ್ಕೂ ಇಳಿಜಾರನ್ನು ಕಡಿದದ್ದೂ ಕಾರಣವೆಂದು ಭೂವಿಜ್ಞಾನಿಗಳು ಹೇಳಿದರು. ಬಯಲಿಗೆ ಒಪ್ಪುವ ನಿಯಮ ಬೆಟ್ಟಕ್ಕೆ ಒಪ್ಪುವುದಿಲ್ಲ. 1837ರಲ್ಲಿ ಅದು ಕಂದಾಯದ ರೂಪದಲ್ಲಿ ಕಂಡಿತು, 2018ರಲ್ಲಿ ಮಣ್ಣಿನ ರೂಪದಲ್ಲಿ.

ಬಂಧುಗಳೇ, ಈ ಕಥೆ ನಾವು ನೆಲೆಸಿರುವ ಊರಿಗೂ ದೂರದ್ದಲ್ಲ. 1994ರಲ್ಲಿ ವಿಕ್ಟೋರಿಯಾ ಸರ್ಕಾರವು 210 ಕೌನ್ಸಿಲ್‌ಗಳನ್ನು ಒಗ್ಗೂಡಿಸಿ 78ಕ್ಕೆ ಇಳಿಸಿದಾಗ ಇಲ್ಲಿಯ ವಿಂಡಮ್ ನಗರಾಡಳಿತವು ರೂಪುಗೊಂಡಿತು. ಆಗ ಚುನಾಯಿತ ಸದಸ್ಯರನ್ನು ತೆಗೆದು ಕೆಲಕಾಲ ಆಳಿದವರನ್ನು ಕರೆದದ್ದೂ ‘ಕಮಿಷನರ್’ ಎಂದೇ! 2021ರ ಜನಗಣತಿಯಲ್ಲಿ ವಿಂಡಮ್‌ನ ಜನಸಂಖ್ಯೆ ಸುಮಾರು 2,92,000; ರಾಜ್ಯವಾಗಿದ್ದ ಕೊಡಗಿಗಿಂತ ಹೆಚ್ಚು. ಈ ಜನರ ಪರವಾಗಿ ಕೌನ್ಸಿಲ್‌ನಲ್ಲಿ ಕುಳಿತುಕೊಳ್ಳುವವರು ಹನ್ನೊಂದು ಮಂದಿ. 2015ರಲ್ಲಿ ವಿಂಡಮ್ ವೇಲ್‌ಗೆ ರೈಲು ನಿಲ್ದಾಣ ಬಂದಿತು. ಶಾಲೆ, ರಸ್ತೆ, ಆಸ್ಪತ್ರೆಗಳು ಇನ್ನೂ ಎಷ್ಟು ಬೇಕೆಂಬುದು ನಿಮಗೇ ಗೊತ್ತು.

ಪೌರತ್ವ ಪಡೆದವರಿಗೆ ಇಲ್ಲಿ ಮತದಾನ ಕಡ್ಡಾಯ. ಆದರೆ ಮತ ಹಾಕಿ ಮನೆಗೆ ಮರಳುವುದಷ್ಟೇ ಸಾಲದು. ಕೌನ್ಸಿಲ್‌ ಸಭೆಗೆ ಹೋಗಿ ಕುಳಿತುಕೊಳ್ಳಿ. ನಿಮ್ಮ ಬೀದಿಯ ಮಾತನ್ನು ಅಲ್ಲಿ ಹೇಳಿ. ತನ್ನ ನೆಲವನ್ನು ಬಲ್ಲವನು ಆಡಳಿತದ ಎದುರು ಮಾತನಾಡಬೇಕು ಎಂಬುದೇ ನಮ್ಮ ಹಿಂದಿನ ತಕ್ಕರ ವ್ಯವಸ್ಥೆಯ ತಿರುಳು. ಕೊಡಗಿನ ಚರಿತ್ರೆಯಿಂದ ನಮ್ಮ ಮಕ್ಕಳು ಕಲಿಯಬೇಕಾದದ್ದೂ ಅದನ್ನೇ.