ಕವಂದಿ ಹೊಲಿಗೆ: ಕಲಿಕೆ ಅಂಚಿನಿಂದ

ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡ ತಾಲ್ಲೂಕುಗಳ ಸಿದ್ದಿ ಮಹಿಳೆಯರು ಹಳೆಯ ಬಟ್ಟೆಗಳಿಂದ ಕವಂದಿ ಹೊಲಿಯುತ್ತಾರೆ. ಇದನ್ನು ಹಿರಿಯರ ಪಕ್ಕದಲ್ಲಿ ಕುಳಿತೇ ಕಲಿಯಬೇಕು. ತಳಕ್ಕೆ ಹಳೆಯ ಸೀರೆ ಹಾಸಿ, ಒಂದು ಮೂಲೆಯಿಂದ ಆರಂಭಿಸಿ, ಅಂಚಿನ ಸುತ್ತ ತುಂಡುಗಳನ್ನಿಡುತ್ತ ನಡುವಿನತ್ತ ಸಾಗುತ್ತಾರೆ. ಪ್ರತಿ ತುಂಡಿನ ಅಂಚನ್ನು ಒಳಕ್ಕೆ ಮಡಚಿ, ಎಲ್ಲ ಪದರಗಳನ್ನೂ ದಾಟುವಂತೆ ಸಾಲು ಹೊಲಿಗೆ ಹಾಕಬೇಕು. ಹೊಸಬರು ಎಡವುವುದು ಇಲ್ಲಿಯೇ. ದಾರವನ್ನು ಬಿಗಿಯಾಗಿ ಎಳೆದರೆ ತಳ ಸುಕ್ಕುಗಟ್ಟುತ್ತದೆ. ಹೊಲಿಗೆ ಅಗಲವಾದರೆ ಒಗೆಯುವಾಗ ತುಂಡು ಕಿತ್ತುಬರುತ್ತದೆ. ಆದ್ದರಿಂದ ಮೊದಲ ಸುತ್ತನ್ನು ಹಿರಿಯರು ಹೊಲಿದು ತೋರಿಸಿ, ಎರಡನೆಯದನ್ನು ಕಲಿಯುವವಳಿಂದ ಹೊಲಿಸುವುದು ಉತ್ತಮ. ತಪ್ಪಿದ ಸಾಲನ್ನು ಅಂದೇ ಬಿಚ್ಚಿಸಬೇಕು. ಮೂಲೆಗಳಿಗೆ ಮಡಚಿದ ತ್ರಿಕೋನ ಬಟ್ಟೆಯ ‘ಫುಲ’ ಹಚ್ಚುತ್ತಾರೆ. ಅದಿಲ್ಲದ ಕವಂದಿ ಬೆತ್ತಲೆ ಎನ್ನುವುದುಂಟು. ಮೊದಲಿಗೆ ತೊಟ್ಟಿಲ ಮಗುವಿನ ಚಿಕ್ಕ ಕವಂದಿ ಸಾಕು. ದೊಡ್ಡದಕ್ಕೆ ಕೈಹಾಕಿದರೆ ನಡು ಮುಟ್ಟುವಷ್ಟರಲ್ಲಿ ಉತ್ಸಾಹ ಬತ್ತುತ್ತದೆ.